ಬಿಎಸ್‌ಎ ಎಂ20: ಬಣ್ಣ ಆದ ಮೇಲೆ ಕೂರದ ಬೋಲ್ಟುಗಳು

ಪುಣೆಯಲ್ಲಿ ನನ್ನ ಹಳೇ ಬ್ರಿಟಿಷ್ ಮೋಟಾರ್ ಸೈಕಲ್ ಬಿಎಸ್‌ಎ ಎಂ20 ಪೂರ್ತಿ ಬಿಚ್ಚಿ, ಫ್ರೇಮಿಗೆ ಪೌಡರ್ ಕೋಟಿಂಗ್ ಮಾಡಿಸಿದ್ದೆ. ಮತ್ತೆ ಜೋಡಿಸಲು ಕೂತರೆ ಎಂಜಿನ್ ತನ್ನ ಜಾಗಕ್ಕೇ ಇಳಿಯಲಿಲ್ಲ. 496 ಸಿಸಿಯ ಈ ಸೈಡ್ ವಾಲ್ವ್ ಗಾಡಿ ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಗೆ ಅಂತ ಲಕ್ಷದ ಮೇಲೆ ತಯಾರಾಗಿತ್ತು. ಗಟ್ಟಿ ಗಾಡಿ. ಆದರೆ ಅಳತೆಯಲ್ಲಿ ಬಲು ಹಟಮಾರಿ.

ಮೊದಲ ತೊಂದರೆ ಬಣ್ಣದ್ದೇ. ಕೋಟಿಂಗ್ ಕಣ್ಣಿಗೆ ತೆಳು, ಆದರೆ ತೂತಿನೊಳಗೆ ಸುತ್ತಲೂ ಕೂತಿರುತ್ತೆ. ಎಂಜಿನ್ ಪ್ಲೇಟು ಫ್ರೇಮಿಗೆ ತಾಗುವ ಕಡೆಯೆಲ್ಲ ಕೆರೆದು ತೆಗೆದೆ. ಹೇಗೂ ಅಲ್ಲಿ ಕರೆಂಟಿನ ಅರ್ಥಿಂಗಿಗೆ ಬರಿ ಲೋಹವೇ ಬೇಕು.

ನಿಜವಾದ ತಲೆನೋವು ಥ್ರೆಡ್ಡಿನದು. ಈ ಗಾಡಿಯಲ್ಲಿ ಇಂಚಿಗೆ 26 ಸುತ್ತಿನ ಸೈಕಲ್ ಥ್ರೆಡ್ಡೂ ಇದೆ, ಬಿಎಸ್‌ಎಫ್ (ಬ್ರಿಟಿಷ್ ಸ್ಟ್ಯಾಂಡರ್ಡ್ ಫೈನ್), ವಿಟ್‌ವರ್ತ್ ಅನ್ನೋ ಹಳೇ ಬ್ರಿಟಿಷ್ ಅಳತೆಯ ಥ್ರೆಡ್ಡೂ ಇವೆ. ಯಾರೋ ಹಳೇ ಮೆಕ್ಯಾನಿಕ್ 5/16 ಇಂಚಿನ ತೂತಿಗೆ 8 ಎಂಎಂ ಬೋಲ್ಟು ತಿರುಗಿಸಿದ್ದ. 5/16 ಅಂದರೆ 7.94 ಎಂಎಂ, ಹೆಚ್ಚುಕಮ್ಮಿ ಅಷ್ಟೇ ಅಲ್ವಾ? ಎರಡು ಸುತ್ತು ಸಲೀಸಾಗಿ ಹೋಗುತ್ತೆ, ಆಮೇಲೆ ಹಲ್ಲು ಕಿತ್ತುಕೊಂಡೇ ಮುಂದೆ ಹೋಗೋದು. ಹಾಗಾಗಿ ಪ್ರತಿ ತೂತಿಗೂ ಥ್ರೆಡ್ಡಿನ ಹಲ್ಲುಗಳ ಅಂತರ ಅಳೆಯುವ ಪಿಚ್ ಗೇಜು ಹಿಡಿದು ನೋಡಿ ಚೀಟಿ ಅಂಟಿಸಿದೆ.

ಪುಣೆ ಪಕ್ಕದ ಭೋಸರಿಯಲ್ಲಿ ಲೇತ್ ನಡೆಸುವವರು ವಿಜಯಪುರ ಕಡೆಯವರು. ಹಲ್ಲು ಕಿತ್ತುಹೋದ ಎಂಜಿನ್ ಕೇಸಿಂಗ್ ನೋಡಿದವರೇ, "ಸರ, ಇದಕ್ಕ 8 ಎಂಎಂ ಟ್ಯಾಪ್ ಹೊಡದ್ರ ಐದು ನಿಮಿಷದ ಕೆಲಸ. ಮೂಲ ಥ್ರೆಡ್ಡೇ ಬೇಕಂದ್ರ ಬುಷ್ ಹಾಕಬೇಕ್ರಿ" ಅಂದರು. ಟ್ಯಾಪ್ ಅಂದರೆ ತೂತಿನಲ್ಲಿ ಹೊಸ ಥ್ರೆಡ್ ಕೊರೆಯೋದು, ಬುಷ್ ಅಂದರೆ ತೂತಿನೊಳಗೆ ಕೂರಿಸುವ ಲೋಹದ ಕೊಳವೆ. "ಬುಷ್ಷೇ ಹಾಕ್ರಿ" ಅಂದೆ. ಖರ್ಚು ಜಾಸ್ತಿಯಾಯಿತು, ಆದರೆ ಮುಂದೆ ಬಿಚ್ಚುವವನಿಗೆ ನನ್ನ ಹಾಗೆ ಪರದಾಟ ಬೇಡ.

ಪಾನಾ ಸಿಕ್ಕಿದ್ದು ಪುಣೆಯ ಹಳೇ ಸಾಮಾನಿನ ಸಂತೆ ಜುನಾ ಬಜಾರಿನಲ್ಲಿ, ಅದು ಬುಧವಾರ, ಭಾನುವಾರ ಇರುತ್ತೆ. ಈ ನಟ್ಟುಗಳಿಗೆ 13ರ ಪಾನಾ ಹೋಗಲ್ಲ, 14ರದ್ದು ಜಾರುತ್ತೆ. ವಿಟ್‌ವರ್ತ್ ಪಾನಾನೇ ಬೇಕು, ಅದರ ಮೇಲಿನ ನಂಬರು ಬಾಯಿಯ ಅಗಲದ್ದಲ್ಲ, ಬೋಲ್ಟಿನ ದಪ್ಪದ್ದು.

ಎಂಜಿನ್, ಗೇರ್‌ಬಾಕ್ಸ್, ಪ್ಲೇಟುಗಳ ಎಲ್ಲ ಬೋಲ್ಟುಗಳನ್ನೂ ಮೊದಲು ಸಡಿಲವಾಗಿ ಹಾಕಬೇಕು. ಎಲ್ಲವೂ ಕೂತ ಮೇಲೆ, ಚೈನಿನ ಸಾಲು ನೋಡಿಕೊಂಡು ಬಿಗಿ ಮಾಡೋದು. ಒಂದನ್ನು ಮೊದಲೇ ಬಿಗಿದರೆ ಕೊನೇ ಬೋಲ್ಟು ಸುತ್ತಿಗೆ ಇಲ್ಲದೆ ಹೋಗಲ್ಲ. ಮುಂದಿನ ಚಕ್ರ ಹಿಡಿಯುವ ಗರ್ಡರ್ ಫೋರ್ಕಿಗೂ ಅವಸರ ಆಗಲ್ಲ. ಅಲ್ಲಿ ಗೀರುಗಳಿರುವ ವಾಷರ್ ಬೆರಳಲ್ಲಿ ಒತ್ತಿ ತಿರುಗಿಸಿದರೆ ಸುಮ್ನೆ ತಿರುಗಬೇಕು, ಆದರೆ ಅಲ್ಲಾಡಬಾರದು.

ಕ್ರೋಮ್ ಹಾಕಿಸಿಲ್ಲ. ಯುದ್ಧಕಾಲದಲ್ಲಿ ರಬ್ಬರ್ ಅಭಾವಕ್ಕೆ ಹ್ಯಾಂಡಲ್ ಹಿಡಿಕೆಗೆ ಕ್ಯಾನ್‌ವಾಸ್ ಹಾಕುತ್ತಿದ್ದರು. ಅಂಥ ಗಾಡಿಗೆ ಮದುವೆ ಶೃಂಗಾರ ಯಾಕೆ?

ಎಂಜಿನ್ನಿಂದ ಗೇರ್‌ಬಾಕ್ಸಿಗೆ ಹೋಗುವ ಚೈನಿನ ಡಬ್ಬಿ, ಅಂದರೆ ಪ್ರೈಮರಿ ಚೈನ್‌ಕೇಸ್ ಮಾತ್ರ ಇನ್ನೂ ಎಣ್ಣೆ ಹನಿಸುತ್ತೆ. ತಗಡಿನದು, ಸ್ಕ್ರೂ ಬಿಗಿದಷ್ಟೂ ಅಂಚು ಬಾಗಿ ಸೋರಿಕೆ ಜಾಸ್ತಿ. ಅಂಚು ಮರದ ಮೇಲಿಟ್ಟು ತಟ್ಟಿ ನೇರ ಮಾಡಿ, ದಪ್ಪ ಗ್ಯಾಸ್ಕೆಟ್ ಹಾಕಿದೆ. ಸದ್ಯಕ್ಕೆ ರಾತ್ರಿ ಅದರ ಕೆಳಗೆ ಒಂದು ರಟ್ಟು ಇಡುತ್ತೇನೆ.