ವಿಶ್ವಕಪ್ ಜಾತ್ರೆಯ ನಡುವೆ ಅಪ್ಪ-ಅಮ್ಮನಿಗೆ ನ್ಯೂಯಾರ್ಕ್ ಮ್ಯೂಸಿಯಂ ತೋರಿಸುವುದು ಹೇಗೆ

ಬೇಸಿಗೆ ಬಂತೆಂದರೆ ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ನಮ್ಮ ಮನೆ ಛತ್ರವಾಗುತ್ತದೆ. ಈ ಕಡೆಯ ಕನ್ನಡದವರ ಮನೆಗಳೆಲ್ಲ ಹೆಚ್ಚುಕಡಿಮೆ ಹಾಗೇ. ಊರಿಂದ ಅಪ್ಪ-ಅಮ್ಮ, ಅತ್ತೆ-ಮಾವ ಬರುತ್ತಾರೆ. ಮೊದಲ ವಾರ ನಿದ್ದೆ, ಎರಡನೇ ವಾರ ದೇವಸ್ಥಾನ, ಮೂರನೇ ವಾರ ನ್ಯೂಯಾರ್ಕ್. ಈ ಮೂರನೇ ವಾರವನ್ನು ಜನ ಹೇಗೆಲ್ಲ ಕೆಡಿಸಿಕೊಳ್ಳುತ್ತಾರೆ ಅಂತ ಹತ್ತು ವರ್ಷದಿಂದ ನೋಡುತ್ತಿದ್ದೇನೆ. ಒಂದೆರಡು ಸಲ ನಾನೇ ಕೆಡಿಸಿದ್ದೇನೆ.

ಈ ಸಲ ಕೆಡಲು ಇನ್ನೊಂದು ಕಾರಣ ಸೇರಿದೆ: ಫುಟ್‌ಬಾಲ್ ವಿಶ್ವಕಪ್. 2026ರ ಜೂನ್ 11ರಿಂದ ಜುಲೈ 19ರವರೆಗೆ ಅಮೆರಿಕ, ಕೆನಡಾ, ಮೆಕ್ಸಿಕೊ ಸೇರಿ 16 ನಗರಗಳಲ್ಲಿ 104 ಪಂದ್ಯ. ಅದರಲ್ಲಿ ಎಂಟು ನಮ್ಮ ಮಗ್ಗುಲಲ್ಲೇ, ಈಸ್ಟ್ ರುದರ್‌ಫೋರ್ಡ್‌ನ ಮೆಟ್‌ಲೈಫ್ ಕ್ರೀಡಾಂಗಣದಲ್ಲಿ. ಫೈನಲ್ ಕೂಡ ಇಲ್ಲೇ.

ಮ್ಯೂಸಿಯಂಗೆ ಹೋಗೋರಿಗೆ ಫುಟ್‌ಬಾಲ್‌ನಿಂದ ಏನಾಗಬೇಕು ಅಂತೀರಾ? ರೈಲು ಒಂದೇ, ಅದೇ ತೊಂದರೆ. ಎಡಿಸನ್, ಮೆಟ್ರೋಪಾರ್ಕ್ ಕಡೆಯಿಂದ ಮ್ಯಾನ್‌ಹಟನ್‌ನ ಪೆನ್ ಸ್ಟೇಷನ್‌ಗೆ ಹೋಗುವ ದಾರಿಯಲ್ಲಿ ಸಿಕಾಕಸ್ ಸಿಗುತ್ತದೆ. ರೈಲಿನಲ್ಲಿ ಕ್ರೀಡಾಂಗಣಕ್ಕೆ ಹೋಗುವವರು ಗಾಡಿ ಬದಲಿಸುವುದೂ ಅಲ್ಲೇ.

ಒಂದು: ದಿನ ಗೊತ್ತುಮಾಡಿ

ಎಲ್ಲಕ್ಕಿಂತ ಕಷ್ಟದ ಕೆಲಸ ಇದು. ಉಳಿದದ್ದನ್ನು ದಾರಿಯಲ್ಲಿ ಸರಿಮಾಡಿಕೊಳ್ಳಬಹುದು, ದಿನ ತಪ್ಪಿದರೆ ಮುಗೀತು.

ಗೋಡೆಯ ಕ್ಯಾಲೆಂಡರ್ ಇಳಿಸಿಕೊಳ್ಳಿ. ಊರಿಂದ ತಂದದ್ದಾದರೆ ಒಳ್ಳೆಯದು, ಚೌಕ ದೊಡ್ಡದಿರುತ್ತದೆ. ಈ ಎಂಟು ದಿನಕ್ಕೆ ಕೆಂಪು ಗೀಟು ಹಾಕಿ: ಜೂನ್ 13, 16, 22, 25, 27, 30, ಜುಲೈ 5, ಜುಲೈ 19. ಜುಲೈ 4ಕ್ಕೂ ಒಂದು ಗೀಟು ಇರಲಿ. ಅವತ್ತು ಅಮೆರಿಕಕ್ಕೆ 250 ವರ್ಷ ತುಂಬುತ್ತದೆ, ಮರುದಿನವೇ ಪಂದ್ಯ. ಆ ಶನಿವಾರ-ಭಾನುವಾರ ಸುಮ್ನೆ ಮನೆಯಲ್ಲಿ ಹೋಳಿಗೆ ಮಾಡಿ.

ಈಗ ಗೀಟು ಬೀಳದ ದಿನಗಳನ್ನು ನೋಡಿ. ಬುಧವಾರದ ಸಾಲು ಪೂರ್ತಿ ಖಾಲಿ. ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ. ವಾರದ ಮಧ್ಯ, ಪಂದ್ಯವೂ ಇಲ್ಲ, ಮೆಟ್‌ಗೆ (ಮೆಟ್ರೋಪಾಲಿಟನ್ ಕಲಾ ಮ್ಯೂಸಿಯಂಗೆ) ಹೋಗೋಣ ಅಂತ ಹೊರಡುತ್ತಾರೆ. ಎಡವುವುದು ಅಲ್ಲೇ. ಮೆಟ್ರೋಪಾಲಿಟನ್ ಮ್ಯೂಸಿಯಂಗೆ ಬುಧವಾರ ರಜ. ನಾನೂ ಒಮ್ಮೆ ಹಾಗೇ ಹೋಗಿದ್ದೆ. ಐದನೇ ಅವೆನ್ಯೂದ ಆ ದೊಡ್ಡ ಮೆಟ್ಟಿಲ ಮೇಲೆ ಅತ್ತೆ ಚಪ್ಪಲಿ ಬಿಚ್ಚಿ ಕೂತರು. ಮಂಡಿ ಒತ್ತಿಕೊಳ್ಳುತ್ತಾ, "ಹೋಗ್ಲಿ ಬಿಡು, ಹೊರಗಿಂದ್ಲೂ ಚೆನ್ನಾಗೇ ಇದೆ" ಅಂದರು. ಬೈದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲ.

ಬುಧವಾರವೇ ಅನುಕೂಲ ಅನ್ನುವವರು ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಗೆ ಹೋಗಿ. ನಮ್ಮವರೆಲ್ಲ ಅದನ್ನು ಡೈನೋಸಾರ್ ಮ್ಯೂಸಿಯಂ ಅಂತಲೇ ಕರೆಯುವುದು. ವಾರವಿಡೀ ತೆರೆದಿರುತ್ತದೆ, ಬೆಳಿಗ್ಗೆ 10ರಿಂದ ಸಂಜೆ 5.30.

ಮೆಟ್‌ಗೆ ಶುಕ್ರವಾರ. ಇದರಲ್ಲಿ ಚರ್ಚೆ ಬೇಡ. ಇಲ್ಲಿನ ಎಂಟು ಪಂದ್ಯಗಳಲ್ಲಿ ಒಂದೂ ಶುಕ್ರವಾರ ಇಲ್ಲ. ಬೇರೆ ದಿನ 5ಕ್ಕೆ ಬಾಗಿಲು ಹಾಕುವ ಮೆಟ್ ಶುಕ್ರವಾರ, ಶನಿವಾರ ಮಾತ್ರ ರಾತ್ರಿ 9ರವರೆಗೆ ತೆರೆದಿರುತ್ತದೆ. ಮನೆಯಲ್ಲಿ ಊಟ ಮಾಡಿ, ಒಂದು ಗಳಿಗೆ ಅಡ್ಡಾಗಿ, ನಾಲ್ಕೂವರೆ ಹೊತ್ತಿಗೆ ಒಳಗೆ ಹೋಗಿ. ಬೆಳಿಗ್ಗೆ ಬಂದವರು ಸುಸ್ತಾಗಿ ಹೊರಡುವ ಹೊತ್ತು ಅದು. ಬೆಂಚುಗಳು ಖಾಲಿ ಸಿಗುತ್ತವೆ. ವಯಸ್ಸಾದವರ ಜೊತೆ ಹೋಗುವಾಗ ಚಿತ್ರಕ್ಕಿಂತ ಬೆಂಚು ಮುಖ್ಯ ಅಲ್ವಾ? ಜೂನ್ 19 ಕೂಡ ಶುಕ್ರವಾರವೇ, ಆದರೆ ಅವತ್ತು ಸರಕಾರಿ ರಜೆ. ಅದನ್ನು ಬಿಟ್ಟು ಬೇರೆ ಶುಕ್ರವಾರ ಹಿಡಿಯಿರಿ.

ಊರಿಂದ ಬಂದು ಹತ್ತು ದಿನ ಆಗಿಲ್ಲದಿದ್ದರೆ ಮಾತ್ರ ಸಂಜೆಯ ಸಹವಾಸ ಬೇಡ. ಹಗಲು-ರಾತ್ರಿ ಇನ್ನೂ ಹೊಂದಿರುವುದಿಲ್ಲ. ಆರು ಗಂಟೆಗೆ ಅಪ್ಪ ಈಜಿಪ್ಟಿನ ಮಮ್ಮಿಯ ಎದುರು ಕೂತು ತಾವೂ ಮಮ್ಮಿಯಾಗಿಬಿಡುತ್ತಾರೆ.

ಪಂದ್ಯದ ದಿನವೇ ಹೋಗುವ ಅನಿವಾರ್ಯ ಬಂದರೆ ಹೀಗೆ ಮಾಡಿ. ಬೆಳಿಗ್ಗೆ ಹೋಗುವಾಗ ಅಷ್ಟು ಕಷ್ಟವಿಲ್ಲ. ಗೋಳು ಇರುವುದು ವಾಪಸು ಬರುವಾಗ. ಮ್ಯಾನ್‌ಹಟನ್ ಹೋಟೆಲುಗಳಲ್ಲಿ ಉಳಿದ ಅಭಿಮಾನಿಗಳು ಪೆನ್ ಸ್ಟೇಷನ್‌ನಿಂದ ಸಿಕಾಕಸ್ ಕಡೆ ಹೊರಡುತ್ತಾರೆ. ನೀವು ಮನೆಗೆ ಮರಳುವುದೂ ಅದೇ ದಿಕ್ಕಿಗೆ. ಆಟಕ್ಕೆ ಮೂರು-ನಾಲ್ಕು ಗಂಟೆ ಮುಂಚಿನಿಂದ ಈ ನೂಕುನುಗ್ಗಲು ಇರುತ್ತದೆ ಅಂತಲೇ ಇಟ್ಟುಕೊಳ್ಳಿ. ಆಟ ಮುಗಿದ ಮೇಲೆ ಅಷ್ಟೂ ಜನ ಸಿಕಾಕಸ್‌ಗೇ ಬಂದು ಬೀಳುತ್ತಾರೆ. ನಡುವೆ ಉಳಿಯುವುದು ಆಟ ನಡೆಯುವ ಎರಡು ಗಂಟೆ. ಎರಡು ಸಲ 45 ನಿಮಿಷ, ಮಧ್ಯೆ ವಿರಾಮ. ಎಲ್ಲರೂ ಚೆಂಡು ನೋಡುತ್ತಿರುವಾಗ ನೀವು ರೈಲು ಹತ್ತಿ. ಮಧ್ಯಾಹ್ನ 3ಕ್ಕೆ ಆಟ ಶುರುವಾದರೆ 3.30ಕ್ಕೆ ಪೆನ್ ಸ್ಟೇಷನ್‌ನಲ್ಲಿರಿ. ಫೈನಲ್ ಕೂಡ 3 ಗಂಟೆಗೇ, ಆದರೆ ಅವತ್ತು ಈ ಜಾಣತನ ಬೇಡ. ಮನೆಯಲ್ಲಿ ಟಿವಿ ನೋಡಿ.

ಪಂದ್ಯದ ದಿನ ಯಾವ ಬಾಗಿಲು, ಯಾವ ರೈಲು ಯಾರಿಗೆ ಅನ್ನುವುದು ಬದಲಾಗಬಹುದು. ಹಿಂದಿನ ರಾತ್ರಿ ರೈಲಿನವರ ಆ್ಯಪ್ ನೋಡಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರೋ ಕಳಿಸಿದ್ದನ್ನು ನಂಬಿ ಹೊರಡಬೇಡಿ.

ಒಂದು ಅಡ್ಡದಾರಿಯೂ ಇದೆ. ನ್ಯೂವರ್ಕ್‌ನಲ್ಲೇ ಇಳಿದು ಪಾಥ್ ರೈಲು ಹತ್ತುವುದು. ಅದು ಸಿಕಾಕಸ್ ಮುಟ್ಟದೆ ನೇರ ವರ್ಲ್ಡ್ ಟ್ರೇಡ್ ಸೆಂಟರ್‌ಗೆ ಹೋಗುತ್ತದೆ. ಅಲ್ಲಿಂದ ಸ್ವಲ್ಪ ನಡೆದರೆ ಬೌಲಿಂಗ್ ಗ್ರೀನ್. ಅಲ್ಲಿನ ಹಳೆಯ ಕಸ್ಟಮ್ಸ್ ಕಟ್ಟಡದಲ್ಲಿ ನ್ಯಾಷನಲ್ ಮ್ಯೂಸಿಯಂ ಆಫ್ ದಿ ಅಮೆರಿಕನ್ ಇಂಡಿಯನ್ ಇದೆ, ಪ್ರವೇಶ ಉಚಿತ. ಹೆಸರು ಕೇಳಿ ಅಮ್ಮ "ನಮ್ಮೋರದಾ?" ಅಂದಿದ್ದರು. ಅಲ್ಲ, ಈ ನೆಲದ ಮೂಲನಿವಾಸಿಗಳದ್ದು. ಚಿಕ್ಕದು, ತಂಪಾಗಿರುತ್ತದೆ, ಒಂದೂವರೆ ಗಂಟೆ ಸಾಕು.

ಎರಡು: ಟಿಕೆಟ್

ಡೈನೋಸಾರ್ ಮ್ಯೂಸಿಯಂನಲ್ಲಿ ನ್ಯೂಯಾರ್ಕ್, ನ್ಯೂಜೆರ್ಸಿ, ಕನೆಕ್ಟಿಕಟ್ ನಿವಾಸಿಗಳು ಇಷ್ಟ ಬಂದಷ್ಟು ಕೊಡಬಹುದು. ಮೆಟ್‌ನಲ್ಲಿ ಈ ಸವಲತ್ತು ನ್ಯೂಯಾರ್ಕ್ ರಾಜ್ಯದವರಿಗೆ, ಮತ್ತೆ ಈ ಮೂರೂ ರಾಜ್ಯಗಳ ವಿದ್ಯಾರ್ಥಿಗಳಿಗೆ ಮಾತ್ರ. ಅಂದರೆ ನ್ಯೂಜೆರ್ಸಿಯ ನನಗೆ ಡೈನೋಸಾರ್ ಅಗ್ಗ, ಮೆಟ್ ಪೂರ್ತಿ ದರ. ಇಲ್ಲೇ ಕಾಲೇಜು ಓದುವ ಮಗಳಿಗೆ ಎರಡೂ ಅಗ್ಗ. ಊರಿಂದ ಬಂದವರಿಗೆ ಎರಡೂ ಕಡೆ ಪೂರ್ತಿ. ಮೆಟ್‌ನಲ್ಲಿ ದೊಡ್ಡವರಿಗೆ 30 ಡಾಲರ್, 65 ದಾಟಿದವರಿಗೆ 22, 12ರವರೆಗಿನ ಮಕ್ಕಳಿಗೆ ದುಡ್ಡಿಲ್ಲ. ಹುಟ್ಟಿದ ದಿನ ಇರುವ ಗುರುತಿನ ಚೀಟಿ ಜೊತೆಗಿರಲಿ. ರೈಲಿನಲ್ಲೂ 62 ದಾಟಿದವರಿಗೆ ರಿಯಾಯಿತಿ ಇದೆ, ಅಲ್ಲೂ ಬೇಕಾಗುತ್ತದೆ.

ಟಿಕೆಟ್ ಮ್ಯೂಸಿಯಂನದೇ ಜಾಲತಾಣದಲ್ಲಿ ಕೊಳ್ಳಿ. ಫುಟ್‌ಪಾತ್‌ನಲ್ಲಿ ನಿಂತು ಸಾಲಿಲ್ಲದೆ ಒಳಗೆ ಬಿಡಿಸ್ತೀವಿ ಅನ್ನುವವರ ಕಡೆ ತಿರುಗಿಯೂ ನೋಡಬೇಡಿ. ಐದಾರು ಜಾಗ ಸೇರಿಸಿ ಕೊಡುವ ಪಾಸ್ ಕೂಡ ಬೇಡ. ಮಂಡಿ ನೋವಿನವರು ದಿನಕ್ಕೆ ಒಂದು ಜಾಗ ನೋಡಿದರೆ ದೊಡ್ಡದು. ಉಳಿದ ದುಡ್ಡು ಸುಮ್ನೆ ದಂಡ.

ಮೂರು: ನೀಲಿ ರೈಲಿನ ಗೊಂದಲ

ಪೆನ್ ಸ್ಟೇಷನ್‌ನಿಂದ ಡೈನೋಸಾರ್ ಮ್ಯೂಸಿಯಂಗೆ ಸಬ್‌ವೇಯಲ್ಲಿ ಸಿ ರೈಲು ಹತ್ತಿ 81ನೇ ಬೀದಿಯಲ್ಲಿ ಇಳಿಯಬೇಕು. ನಿಲ್ದಾಣದ ಒಳಗಿಂದಲೇ ಮ್ಯೂಸಿಯಂಗೆ ದಾರಿ ಇದೆ. ಆದರೆ ಅಲ್ಲಿ ಎ, ಸಿ, ಇ ಮೂರೂ ಬರುತ್ತವೆ, ಮೂರೂ ನೀಲಿ. ಇ ಕ್ವೀನ್ಸ್ ಕಡೆ ತಿರುಗುತ್ತದೆ. ಎ ವೇಗದ ಗಾಡಿ, 59ನೇ ಬೀದಿ ಬಿಟ್ಟರೆ ಮತ್ತೆ ನಿಲ್ಲುವುದು ಹಾರ್ಲೆಮ್‌ನ 125ರಲ್ಲಿ. ನಮ್ಮ ಚಿಕ್ಕಪ್ಪ "ಖಾಲಿ ಇದೆ, ಬನ್ನಿ ಬನ್ನಿ" ಅಂತ ಎ ಹತ್ತಿದರು. ನಾವು ಪ್ಲಾಟ್‌ಫಾರ್ಮ್‌ನಲ್ಲೇ ಉಳಿದೆವು, ಬಾಗಿಲು ಮುಚ್ಚಿತು. ಇಪ್ಪತ್ತು ನಿಮಿಷ ಬಿಟ್ಟು ಹಾರ್ಲೆಮ್‌ನಿಂದ ಫೋನ್: "ಮ್ಯೂಸಿಯಂ ಎಲ್ಲಿ, ಕಾಣ್ತಾ ಇಲ್ಲ?" ವಿಶ್ವಕಪ್ ಹೊತ್ತಿನಲ್ಲಿ ಗುಂಪು ಜಾಸ್ತಿ, ಕೂಗಿದರೂ ಕೇಳಿಸುವುದಿಲ್ಲ. ಬೀದಿಯ ನಂಬರ್ ಬರೆದ ಚೀಟಿ ಒಬ್ಬೊಬ್ಬರ ಜೇಬಿನಲ್ಲೂ ಇರಲಿ.

ಮೆಟ್‌ಗೆ ಪೆನ್ ಸ್ಟೇಷನ್ ಹತ್ತಿರದಿಂದಲೇ ಎಂ 4 ಬಸ್ ಇದೆ. ನಿಧಾನ. ಆದರೆ ಮೆಟ್ಟಿಲು ಹತ್ತಿ ಇಳಿಯುವುದು ತಪ್ಪುತ್ತದೆ, ಊರೂ ಕಾಣುತ್ತದೆ.

ನಾಲ್ಕು: ಚೀಲ, ಬುತ್ತಿ

ಚಿಕ್ಕ ಚೀಲ ಸಾಕು. ಮೊಸರನ್ನ ಬೇಡ, ಚಿತ್ರಾನ್ನ ತನ್ನಿ. ಗ್ಯಾಲರಿಯೊಳಗೆ ತಿನ್ನುವಂತಿಲ್ಲ, ಮೆಟ್ಟಿಲ ಮೇಲೋ ಸೆಂಟ್ರಲ್ ಪಾರ್ಕ್ ಬೆಂಚಿನ ಮೇಲೋ ಮುಗಿಸಿಕೊಂಡೇ ಒಳಗೆ ಹೋಗಿ.

ಐದು: ಒಳಗೆ

ಎಲ್ಲವನ್ನೂ ನೋಡುವ ಹಟ ಬಿಡಿ. ಡೈನೋಸಾರ್ ಮ್ಯೂಸಿಯಂನಲ್ಲಿ ಮಕ್ಕಳಿಗೆ ನಾಲ್ಕನೇ ಮಹಡಿಯ 122 ಅಡಿ ಉದ್ದದ ಟೈಟನೋಸಾರ್. ಕೋಣೆ ಸಾಲದೆ ಅದರ ತಲೆ ಬಾಗಿಲಾಚೆ ಇಣುಕುತ್ತದೆ. ಹಿರಿಯರಿಗೆ ಸ್ಟಾರ್ ಆಫ್ ಇಂಡಿಯಾ ನೀಲಮಣಿ ತೋರಿಸಿ. 563 ಕ್ಯಾರಟ್. ಹೆಸರಿಗೆ ಇಂಡಿಯಾ, ಸಿಕ್ಕಿದ್ದು ಶ್ರೀಲಂಕಾದಲ್ಲಿ. 1964ರಲ್ಲಿ ಕಳ್ಳರು ಇಲ್ಲಿಂದಲೇ ಅದನ್ನು ಹೊಡೆದುಕೊಂಡು ಹೋಗಿದ್ದರು. ಮರುವರ್ಷ ಮಯಾಮಿಯ ಬಸ್ ನಿಲ್ದಾಣದ ಲಾಕರಿನಲ್ಲಿ ಸಿಕ್ಕಿತು. ಈ ಕಥೆ ಹೇಳಿದರೆ ಅಪ್ಪಂದಿರ ಕಾಲುನೋವು ಮಾಯ.

ಮೆಟ್‌ನಲ್ಲಿ ಮೊದಲು ಗಾಲಿಕುರ್ಚಿ ಕೇಳಿ. ದುಡ್ಡಿಲ್ಲದೆ ಕೊಡುತ್ತಾರೆ. "ನಂಗ್ಯಾಕೆ, ನಾನೇನು ಮುದುಕನಾ" ಅನ್ನುತ್ತಾರೆ. ಚೀಲ ಇಡೋಕೆ ಅಂತ ಹೇಳಿ ತಗೊಳ್ಳಿ. ಮುಕ್ಕಾಲು ಗಂಟೆಗೆ ಚೀಲ ಅವರ ತೊಡೆಯ ಮೇಲಿರುತ್ತದೆ. ನಮ್ಮ ಕಡೆಯ ಶಿಲ್ಪಗಳ ಗ್ಯಾಲರಿಯಲ್ಲಿ ಚೋಳರ ಕಾಲದ ಕಂಚಿನ ಪಾರ್ವತಿ ಇದ್ದಾಳೆ. ಅಮ್ಮ ಅಲ್ಲಿ ಕೈಮುಗಿದರೆ ಮುಜುಗರ ಪಡಬೇಡಿ, ಬೇಕಾದಷ್ಟು ಜನ ಮುಗಿಯುತ್ತಾರೆ. ಗುಜರಾತಿನ ಪಾಟಣದ ಜೈನ ಬಸದಿಯಿಂದ ಬಂದ ಮರದ ಗುಮ್ಮಟವೂ ಇದೆ. ಅದರ ಕೆಳಗೆ ನಿಂತು ಕತ್ತೆತ್ತಿ ನೋಡಬೇಕು.

ಆಮೇಲೆ ಡೆಂಡೂರ್ ದೇಗುಲ. ಗಾಜಿನ ದೊಡ್ಡ ಗೋಡೆಯ ಪಕ್ಕ, ನೀರಿನಾಚೆ, ಮರಳುಗಲ್ಲಿನ ಇಡೀ ಗುಡಿ. ನೈಲ್ ನದಿಗೆ ಆಸ್ವಾನ್ ಅಣೆಕಟ್ಟು ಕಟ್ಟುವಾಗ ಮುಳುಗಲಿದ್ದ ಗುಡಿ ಇದು. ಕಲ್ಲು ಕಲ್ಲು ಬಿಚ್ಚಿ ತೆಗೆದರು. 1965ರಲ್ಲಿ ಈಜಿಪ್ಟ್ ಇದನ್ನು ಅಮೆರಿಕಕ್ಕೆ ಕೊಟ್ಟಿತು, 1978ರಿಂದ ಇಲ್ಲಿದೆ.

ನಮ್ಮ ಮಾವ ಸಾಗರದ ಕಡೆಯವರು. ಹುಟ್ಟಿದ ಊರು ಲಿಂಗನಮಕ್ಕಿ ನೀರಿನಡಿ ಹೋಗಿದೆ. ಅಣೆಕಟ್ಟು ಮುಗಿದಿದ್ದು 1964ರಲ್ಲಿ, ಅವರಿನ್ನೂ ಚಡ್ಡಿ ಹಾಕುವ ಹುಡುಗ. ಗುಡಿಯ ಕಥೆ ಓದಿ ಹೇಳಿದೆ. ಮಾವ ಏನೂ ಅನ್ನಲಿಲ್ಲ. ನೀರಿನ ಅಂಚಿನ ಕಟ್ಟೆಯ ಮೇಲೆ ಕೂತರು. ತುಂಬ ಹೊತ್ತಾದ ಮೇಲೆ, "ಒಳಗೆ ಯಾವ ದೇವರು?" ಅಂತ ಕೇಳಿದರು. ಐಸಿಸ್ ಅನ್ನುವ ದೇವಿ ಅಂದೆ. "ಮೂರ್ತಿ ಇದೆಯಾ?" ಇಲ್ಲ ಅಂದೆ. "ನಮ್ಮಲ್ಲಿ ಉಲ್ಟಾ. ಮೂರ್ತಿ ಹೊತ್ಕೊಂಡ್ ಬಂದ್ವಿ, ಗುಡಿ ಅಲ್ಲೇ ಬಿಟ್ವಿ" ಅಂದರು.

ಅಷ್ಟರಲ್ಲಿ ಕಾವಲಿನವರು ಬಂದು ಏಳಿ ಅಂದರು. ಬಾಗಿಲು ಹಾಕುವ ಹದಿನೈದು ನಿಮಿಷ ಮೊದಲೇ ಗ್ಯಾಲರಿಗಳನ್ನು ಖಾಲಿ ಮಾಡಿಸುತ್ತಾರೆ. ಹಾಗಾಗಿ ಡೆಂಡೂರ್ ದೇಗುಲವನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಒಳಗೆ ಹೋದ ಕೂಡಲೇ ಅಲ್ಲಿಗೆ ಹೋಗಿ, ಪಾರ್ವತಿ ಆಮೇಲೆ.