ಬೆಕ್ಕು ನಾಯಿಗಳ ನೀರಿನ ಫೌಂಟನ್: ತೊಟ್ಟಿ ತೊಳೆದರೆ ಸಾಲದು, ಪಂಪ್ ಬಿಚ್ಚಿ ನೋಡಿ

ಮನೆಯಲ್ಲಿ ಬೆಕ್ಕಿಗೋ ನಾಯಿಗೋ ಅಂತ ಕರೆಂಟಿನ ನೀರಿನ ಫೌಂಟನ್ ಇಟ್ಟಿದ್ದರೆ ಮೊದಲು ಒಂದು ಕೆಲಸ ಮಾಡಿ. ಪ್ಲಗ್ ತೆಗೆಯಿರಿ. ನೀರಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ, ತೊಟ್ಟಿಯ ಒಳಗೋಡೆಗೆ ಬೆರಳು ಒತ್ತಿ ಎಳೆಯಿರಿ. ಬೆರಳು ತಡೆದು ತಡೆದು ಬಂದರೆ ತೊಟ್ಟಿ ಚೊಕ್ಕಟವಾಗಿದೆ. ಸರ್ರನೆ ಜಾರಿದರೆ ಲೋಳೆ ಕಟ್ಟಿದೆ ಅಂತಲೇ ಅರ್ಥ. ನೀರು ಕನ್ನಡಿಯಂತೆ ತಿಳಿಯಾಗಿ ಕಂಡರೂ ಅಷ್ಟೇ. ನೀರು ಓಡಾಡುತ್ತಿದೆ, ಒಳಗೆ ಫಿಲ್ಟರ್ ಬೇರೆ ಇದೆ, ಇನ್ನೇನು ಚಿಂತೆ ಅಂತ ಬಹಳ ಜನ ಸುಮ್ನೆ ಇದ್ದುಬಿಡುತ್ತಾರೆ. ಆಮೇಲೆ ಪಂಪ್ ನಿಂತಾಗ ಫೌಂಟನ್ನೇ ಸರಿ ಇಲ್ಲ ಅಂತ ಎಸೆಯುತ್ತಾರೆ. ವರ್ಷಗಟ್ಟಲೆ ಪ್ರಾಣಿ ಸಾಕಿದ ಮೇಲೆ ನಾನು ಕಂಡುಕೊಂಡದ್ದು ಇಷ್ಟು: ಫೌಂಟನ್ನಿನ ಹತ್ತು ತಾಪತ್ರಯಗಳಲ್ಲಿ ಹೆಚ್ಚಿನವು ಹುಟ್ಟುವುದು ಲೋಳೆ, ಕೂದಲು, ಸುಣ್ಣ ಈ ಮೂರರಿಂದ. ಮೂರೂ ಕೊನೆಗೆ ಹೋಗಿ ಕೂರುವುದು ಪಂಪಿನ ಹೊಟ್ಟೆಯಲ್ಲಿ.

ಈ ಲೋಳೆ ಎಲ್ಲಿಂದ ಬರುತ್ತದೆ ಅಂದರೆ, ಪ್ರಾಣಿ ಕುಡಿಯುವಾಗ ಜೊಲ್ಲು, ಬಾಯಲ್ಲಿದ್ದ ಆಹಾರದ ಚೂರು, ಕೂದಲು ಎಲ್ಲ ನೀರಿಗೆ ಬೀಳುತ್ತದೆ. ಅದನ್ನು ತಿಂದುಕೊಂಡು ಬ್ಯಾಕ್ಟೀರಿಯಾ ಬೆಳೆಯುತ್ತವೆ, ಗೋಡೆಗೆ ಅಂಟಿಕೊಂಡು ಪದರ ಕಟ್ಟುತ್ತವೆ. ಬೆಳಿಗ್ಗೆ ಎದ್ದಾಗ ಹಲ್ಲಿನ ಮೇಲೆ ನಾಲಿಗೆ ಆಡಿಸಿದರೆ ಒಂದು ಅಂಟು ಸಿಗುತ್ತದಲ್ವಾ, ಇದೂ ಅದೇ ಜಾತಿಯದು. ಬಾಯಿ ಮುಕ್ಕಳಿಸಿದರೆ ಅದು ಹೋಗುವುದಿಲ್ಲ, ಉಜ್ಜಲೇಬೇಕು. ಫೌಂಟನ್ನಿಗೂ ಬರೀ ನೀರು ಕುಲುಕಿ ಚೆಲ್ಲಿದರೆ ಪ್ರಯೋಜನವಿಲ್ಲ. ಮುಚ್ಚಳದ ಅಂಚಿನಲ್ಲಿ ಗುಲಾಬಿ ಬಣ್ಣದ ಜಿಡ್ಡು ಕಂಡರೆ ಅದೂ ಬ್ಯಾಕ್ಟೀರಿಯಾವೇ. ಹಸಿರು ಕಂಡರೆ ಪಾಚಿ. ಪಾಚಿಗೆ ಬೆಳಕು ಬೇಕು, ಹಾಗಾಗಿ ಬಿಸಿಲು ಬೀಳುವ ಕಿಟಕಿಯ ಪಕ್ಕದಿಂದ ಫೌಂಟನ್ ಎತ್ತಿ ನೆರಳಿಗೆ ಇಟ್ಟರೆ ಅರ್ಧ ಕೆಲಸ ಮುಗಿಯಿತು.

ಫಿಲ್ಟರ್ ಎಲ್ಲವನ್ನೂ ನೋಡಿಕೊಳ್ಳುತ್ತದೆ ಅನ್ನುವುದು ತಪ್ಪು ನಂಬಿಕೆ. ಅದರ ಬಟ್ಟೆಯ ಪದರ ಕೂದಲು, ಕಸ ಹಿಡಿಯುತ್ತದೆ. ಒಳಗಿರುವ ಇದ್ದಿಲಿನ ಹರಳು ನೀರಿನ ವಾಸನೆ ಮತ್ತು ಕ್ಲೋರಿನ್ ತೆಗೆಯುತ್ತದೆ. ಕೀಟಾಣು ಕೊಲ್ಲುವುದು ಅದರ ಕೆಲಸವೇ ಅಲ್ಲ. ನಲ್ಲಿ ನೀರಿನಲ್ಲಿ ಕೀಟಾಣುಗಳನ್ನು ತಡೆಯಲೆಂದೇ ಇದ್ದ ಕ್ಲೋರಿನ್ ಹೋದ ಮೇಲೆ ಲೋಳೆ ಕಟ್ಟುವುದು ಇನ್ನೂ ಸಲೀಸು. ಹೊಸ ಫಿಲ್ಟರನ್ನು ಹತ್ತು ನಿಮಿಷ ನೀರಿನಲ್ಲಿ ನೆನೆಸಿ, ಕಪ್ಪು ಪುಡಿ ಬರುವುದು ನಿಲ್ಲುವವರೆಗೆ ನಲ್ಲಿಯ ಕೆಳಗೆ ಹಿಡಿದು, ಆಮೇಲೆ ಹಾಕಿ. ಎರಡರಿಂದ ನಾಲ್ಕು ವಾರಕ್ಕೊಮ್ಮೆ ಬದಲಿಸಿ. ತೊಳೆದು ಮತ್ತೆ ಮತ್ತೆ ಬಳಸಬಹುದಲ್ಲ ಅಂತ ಕೇಳುತ್ತಾರೆ. ತೊಳೆದರೆ ಮೇಲಿನ ಕೂದಲು ಹೋಗುತ್ತದೆ, ಆದರೆ ಇದ್ದಿಲಿನ ಹೀರುವ ಶಕ್ತಿ ವಾಪಸ್ ಬರುವುದಿಲ್ಲ. ಪಂಪಿನ ಸುತ್ತ ಇರುವ ಸ್ಪಂಜನ್ನು ಮಾತ್ರ ಹಿಂಡಿ ತೊಳೆದು, ಹರಿಯುವವರೆಗೂ ಬಳಸಬಹುದು.

ತೊಳೆಯುವ ಲೆಕ್ಕ ಹೀಗಿಟ್ಟುಕೊಳ್ಳಿ. ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ ತೊಳೆಯಲೇಬೇಕು. ಸೆಕೆಗಾಲವಾದರೆ, ಎರಡು ಮೂರು ಪ್ರಾಣಿಗಳು ಕುಡಿಯುತ್ತಿದ್ದರೆ, ವಾರಕ್ಕೆ ಎರಡು ಸಲ. ಕಡಿಮೆಯಾದಷ್ಟು ನೀರು ಮೇಲಿಂದ ಸುರಿಯುತ್ತಾ ಹೋಗುವುದು ತೊಳೆದಂತೆ ಆಗುವುದಿಲ್ಲ. ನೀರು ಆವಿಯಾಗುತ್ತದೆ, ಅದರಲ್ಲಿದ್ದ ಉಪ್ಪು ಅಲ್ಲೇ ಉಳಿಯುತ್ತದೆ, ಹೊಸ ನೀರಿನ ಜೊತೆ ಇನ್ನಷ್ಟು ಸೇರುತ್ತದೆ. ಪರಿಮಳವಿಲ್ಲದ ಪಾತ್ರೆ ಸೋಪು, ಬೆಚ್ಚಗಿನ ನೀರು, ಮೆತ್ತನೆಯ ಸ್ಪಂಜ್, ಒಂದು ಹಳೆಯ ಟೂತ್ ಬ್ರಷ್ ಇಷ್ಟು ಸಾಕು. ಸ್ಪಂಜ್ ಇದಕ್ಕೇ ಬೇರೆ ಇಡಿ. ಸ್ಟೀಲ್ ಜುಂಗು ಬೇಡವೇ ಬೇಡ. ಪ್ಲಾಸ್ಟಿಕ್ ಮೇಲೆ ಗೀರು ಬಿದ್ದರೆ ಮುಂದಿನ ಸಲ ಲೋಳೆ ಆ ಗೀರಿನೊಳಗೇ ಕೂರುತ್ತದೆ, ಉಜ್ಜಿದರೂ ಬಿಡುವುದಿಲ್ಲ. ಕೆಲವು ಬೆಕ್ಕುಗಳಿಗೆ ಗಲ್ಲದ ಕೆಳಗೆ ಕಪ್ಪು ಚುಕ್ಕಿಯಂಥ ಮೊಡವೆ ಬರುತ್ತದೆ. ಹಾಗೇನಾದರೂ ಕಂಡರೆ ಪ್ಲಾಸ್ಟಿಕ್ ಬಿಟ್ಟು ಸ್ಟೀಲ್ ಅಥವಾ ಪಿಂಗಾಣಿ ತೊಟ್ಟಿಗೆ ಬದಲಾಯಿಸಿ ನೋಡಿ. ಮುಚ್ಚಳದ ಅಡಿಭಾಗ, ನೀರು ಚಿಮ್ಮುವ ಮೂತಿಯ ಒಳಗೆ, ರಬ್ಬರ್ ಉಂಗುರ ಕೂರುವ ಸಂದು, ಈ ಮೂರು ಜಾಗ ಕಣ್ಣಿಗೆ ಕಾಣುವುದಿಲ್ಲ, ಬ್ರಷ್ ಅಲ್ಲಿಗೇ ಹೋಗಬೇಕು. ಬ್ಯಾಟರಿ ಅಥವಾ ಸರ್ಕ್ಯೂಟ್ ಇರುವ ತಳ ಇದ್ದರೆ ಅದನ್ನು ಮಾತ್ರ ನೀರಿನಲ್ಲಿ ಮುಳುಗಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ಈಗ ಪಂಪ್. ಹೆಚ್ಚಿನವರು ಇದನ್ನು ಒಂದು ಸಲವೂ ಬಿಚ್ಚಿರುವುದಿಲ್ಲ. ಬಿಚ್ಚುವ ಹಾಗಿದೆ ಅಂತಲೇ ಗೊತ್ತಿರುವುದಿಲ್ಲ. ಪ್ಲಗ್ ತೆಗೆದ ಮೇಲೆ ಪಂಪನ್ನು ಹೊರಗೆ ತೆಗೆದು, ಒಂದು ಬಿಳಿ ತಟ್ಟೆಯ ಮೇಲೆ ಇಟ್ಟುಕೊಂಡು ಕೂತು ಕೆಲಸ ಮಾಡಿ. ಸಿಂಕಿನ ಮೇಲೆ ಮಾಡಬೇಡಿ, ಒಳಗಿನ ಚೂರುಗಳು ಉಗುರಿನಷ್ಟೂ ಇರುವುದಿಲ್ಲ, ತೂತಿನಲ್ಲಿ ಇಳಿದು ಹೋದರೆ ಸಿಗುವುದಿಲ್ಲ. ನೀರು ಎಳೆಯುವ ಕಡೆ ಜಾಲರಿಯಂಥ ಒಂದು ಮುಖವಾಡ ಇರುತ್ತದೆ. ಉಗುರು ಹಾಕಿ ಎಬ್ಬಿಸಿದರೆ ಬರುತ್ತದೆ. ಅದರ ಹಿಂದೆ ಇನ್ನೊಂದು ಸಣ್ಣ ಮುಚ್ಚಳ, ಕೆಲವದರಲ್ಲಿ ಸ್ವಲ್ಪ ತಿರುಗಿಸಬೇಕು. ಅದನ್ನೂ ತೆಗೆದರೆ ಪುಟ್ಟ ರೆಕ್ಕೆಗಳ ಚಕ್ರ ಕಾಣುತ್ತದೆ. ಎಳೆದಾಗ ಒಳಗಿನಿಂದ ಯಾರೋ ಹಿಡಿದುಕೊಂಡ ಹಾಗೆ ಬಿಗಿ ಅನ್ನಿಸುತ್ತದೆ. ಹೆದರಬೇಡಿ, ಆ ಚಕ್ರದ ಬಾಲವೇ ಒಂದು ಅಯಸ್ಕಾಂತ, ಒಳಗಿನ ಕಬ್ಬಿಣ ಅದನ್ನು ಸೆಳೆದುಕೊಂಡಿರುತ್ತದೆ. ನೇರವಾಗಿ ಎಳೆದರೆ ಟಕ್ ಅಂತ ಬರುತ್ತದೆ.

ಬಂದದ್ದನ್ನು ಬೆಳಕಿಗೆ ಹಿಡಿದು ನೋಡಿ. ರೆಕ್ಕೆಗಳ ಬುಡದಲ್ಲಿ ಬೂದು ಬಣ್ಣದ ಲೋಳೆ, ಅದರೊಳಗೆ ದಾರ ಸುತ್ತಿದ ಹಾಗೆ ಕೂದಲು ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ಬೆಕ್ಕಿನ ಕೂದಲು ಎಷ್ಟು ಸಣ್ಣದಿದ್ದರೂ ಒಂದಕ್ಕೊಂದು ಹೆಣೆದುಕೊಂಡು ಈ ಚಕ್ರವನ್ನು ನಿಲ್ಲಿಸಿಬಿಡಬಲ್ಲದು. ಚಿಮಟದಿಂದ ಕೂದಲನ್ನು ಹಿಡಿದು, ಸುತ್ತಿಕೊಂಡದ್ದಕ್ಕೆ ಉಲ್ಟಾ ದಿಕ್ಕಿನಲ್ಲಿ ಬಿಚ್ಚಿ ತೆಗೆಯಿರಿ. ಚಕ್ರ ಕೂತಿದ್ದ ಕುಳಿಯೊಳಗೆ ಒದ್ದೆ ಮಾಡಿದ ಇಯರ್ ಬಡ್ ಹಾಕಿ ತಿರುಗಿಸಿ. ಬಡ್ ಕಪ್ಪಗಾಗಿ ಹೊರಗೆ ಬರುತ್ತದೆ. ಅದು ಬೆಳ್ಳಗೆ ಬರುವವರೆಗೆ ಹೊಸ ಬಡ್ ಹಾಕುತ್ತಿರಿ. ನಡುವೆ ತೆಳ್ಳನೆಯ ಕಡ್ಡಿ ಇದ್ದರೆ ಜೋಪಾನ. ಅದು ಪಿಂಗಾಣಿಯದಾಗಿದ್ದರೆ ಬಗ್ಗುವುದಿಲ್ಲ, ಒತ್ತಿದರೆ ಮುರಿಯುತ್ತದೆ. ತುದಿಯಲ್ಲಿ ರಬ್ಬರಿನ ಸಣ್ಣ ಟೋಪಿ ಇದ್ದರೆ ಅದನ್ನು ಮರೆಯದೆ ವಾಪಸ್ ಹಾಕಿ. ಅದಿಲ್ಲದೆ ಜೋಡಿಸಿದರೆ ಪಂಪ್ ಗಡಗಡ ಅನ್ನುತ್ತದೆ. ಎಲ್ಲ ಜೋಡಿಸುವ ಮೊದಲು ಚಕ್ರವನ್ನು ಬೆರಳಿನಿಂದ ತಿರುಗಿಸಿ. ಅಯಸ್ಕಾಂತದ ಎಳೆತಕ್ಕೆ ಸ್ವಲ್ಪ ತಡೆದು ತಡೆದು ತಿರುಗುವುದು ಸಹಜ, ಎಲ್ಲಿಯೂ ಉಜ್ಜಬಾರದು ಅಷ್ಟೇ. ಈ ಕೆಲಸವನ್ನು ಎರಡು ವಾರಕ್ಕೊಮ್ಮೆಯಾದರೂ ಮಾಡಿ.

ಗಡಸು ನೀರಿನವರಿಗೆ ಇನ್ನೊಂದು ಕೆಲಸ ಇದೆ. ನೀರು ಆರಿದ ಕಡೆ ಬಿಳಿ ಕಲೆ, ಮೂತಿಯ ಸುತ್ತ ಒರಟು ಪದರ ಕಂಡರೆ ಅದು ಸುಣ್ಣ. ಸೋಪಿಗೆ ಅದು ಜಗ್ಗುವುದಿಲ್ಲ, ಹುಳಿಗೆ ಮಾತ್ರ ಕರಗುತ್ತದೆ. ಬಿಳಿ ವಿನೆಗರ್ ಒಂದು ಪಾಲು, ನೀರು ಒಂದು ಪಾಲು ಸೇರಿಸಿ, ಪಂಪಿನ ಭಾಗಗಳನ್ನು ಅರ್ಧ ಗಂಟೆ ಮುಳುಗಿಸಿಡಿ. ಸಣ್ಣ ಗುಳ್ಳೆ ಏಳುವುದು ಕಾಣುತ್ತದೆ, ಸುಣ್ಣ ಕರಗುತ್ತಿದೆ ಅಂತ ತಿಳಿಯಿರಿ. ವಿನೆಗರ್ ವಾಸನೆ ಆಗದವರು ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಸಿಟ್ರಿಕ್ ಆಸಿಡ್ ಹಾಕಿದರೂ ನಡೆಯುತ್ತದೆ. ಆಮೇಲೆ ಬ್ರಷ್ ಮಾಡಿ, ಚೆನ್ನಾಗಿ ಜಾಲಿಸಿ, ಫಿಲ್ಟರ್ ಹಾಕದೆ ಬರೀ ನೀರಿನಲ್ಲಿ ಸ್ವಲ್ಪ ಹೊತ್ತು ಓಡಿಸಿ ಆ ನೀರು ಚೆಲ್ಲಿಬಿಡಿ. ಹುಳಿ ವಾಸನೆ ಉಳಿದರೆ ಬೆಕ್ಕು ಹತ್ತಿರವೇ ಬರುವುದಿಲ್ಲ. ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ವಿನೆಗರ್ ಇದ್ದ ಕಡೆ ಬ್ಲೀಚ್ ತರಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮನುಷ್ಯರಿಗೂ ಪ್ರಾಣಿಗೂ ಅದು ವಿಷ. ಫಿನಾಯಿಲ್, ಪರಿಮಳದ ಎಣ್ಣೆ ಇವೂ ಬೇಡ. ಅಂಥವನ್ನು ಅರಗಿಸುವ ಶಕ್ತಿ ಬೆಕ್ಕಿನ ಲಿವರಿಗೆ ಕಡಿಮೆ.

ಇಷ್ಟು ಮಾಡಿದರೂ ಕೈ ಕೊಟ್ಟರೆ ಕಿವಿಗೊಟ್ಟು ಕೇಳಿ, ಶಬ್ದದಲ್ಲೇ ಅರ್ಧ ಉತ್ತರ ಇರುತ್ತದೆ. ಗೊರಗೊರ ಅಂದರೆ ನೀರು ಕಡಿಮೆಯಾಗಿ ಪಂಪ್ ಗಾಳಿ ಎಳೆಯುತ್ತಿದೆ, ಕೂಡಲೇ ನೀರು ತುಂಬಿಸಿ. ಈ ಪಂಪಿಗೆ ತಂಪು ಕೊಡುವುದೂ ನೀರೇ, ಜಾರಿಕೆ ಕೊಡುವುದೂ ನೀರೇ. ಒಣಗಿದ ತೊಟ್ಟಿಯಲ್ಲಿ ಓಡಿದರೆ ಕಾದು ಕೆಡುತ್ತದೆ. ಗುಂಯ್ ಅನ್ನುತ್ತಿದೆ ಆದರೆ ನೀರು ಏಳುತ್ತಿಲ್ಲ ಅಂದರೆ, ಒಂದೋ ಚಕ್ರ ಸಿಕ್ಕಿಹಾಕಿಕೊಂಡಿದೆ, ಇಲ್ಲವೇ ಒಳಗೆ ಗಾಳಿ ಸೇರಿದೆ. ತೊಳೆದು ಹಾಕಿದ ಕೂಡಲೇ ಹೀಗಾದರೆ ಗಾಳಿಯೇ ಇರಬೇಕು. ಪ್ಲಗ್ ತೆಗೆದು, ಪಂಪನ್ನು ನೀರೊಳಗೇ ಅತ್ತಿತ್ತ ವಾಲಿಸಿ. ಗುಳ್ಳೆ ಬುಳುಬುಳು ಅಂತ ಹೊರಗೆ ಬಂದ ಮೇಲೆ ಮತ್ತೆ ಪ್ಲಗ್ ಹಾಕಿ. ತೊಟ್ಟಿಯೇ ನಡುಗುವಂಥ ಶಬ್ದ ಬಂದರೆ ಪಂಪ್ ಗೋಡೆಗೆ ತಾಗುತ್ತಿರುತ್ತದೆ. ಅಡಿಯ ರಬ್ಬರ್ ಕಪ್ಪುಗಳು ಗಟ್ಟಿಯಾಗಿದ್ದರೆ ಅವನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ಮೆತ್ತಗೆ ಮಾಡಿ ಒತ್ತಿ ಕೂರಿಸಿ.

ನೀರು ಬರುತ್ತಿದೆ ಆದರೆ ಸೊರಗಿದೆ ಅಂದರೆ ಫಿಲ್ಟರ್ ತೆಗೆದು ಓಡಿಸಿ ನೋಡಿ. ಆಗ ಜೋರಾಗಿ ಬಂದರೆ ಫಿಲ್ಟರ್ ಕಟ್ಟಿಕೊಂಡಿದೆ, ಬರದಿದ್ದರೆ ಪಂಪ್ ಅಥವಾ ಮೂತಿ.

ಸದ್ದೇ ಇಲ್ಲ ಅಂದರೆ ಪಂಪನ್ನು ಬೈಯುವ ಮೊದಲು ಕರೆಂಟ್ ನೋಡಿ. ಹೆಚ್ಚಿನ ಫೌಂಟನ್‌ಗಳು 5 ವೋಲ್ಟಿನ ಯುಎಸ್‌ಬಿ ಪಿನ್ನಿನವು. ಅಡಾಪ್ಟರಿನ ಮೇಲೆ ಬರೆದದ್ದನ್ನು ಓದಿ, ಅಷ್ಟೇ ವೋಲ್ಟಿನ ಬೇರೆ ಅಡಾಪ್ಟರ್ ಹಾಕಿ ಪರೀಕ್ಷಿಸಿ. ಪಿನ್ ಕೂರುವ ಜಾಗ ಒದ್ದೆಯಾಗಿದ್ದರೆ ಪೂರ್ತಿ ಒಣಗಿಸದೆ ಹಾಕಬೇಡಿ. ನೀರು ಕಡಿಮೆಯಾದಾಗ ತಾನೇ ನಿಲ್ಲುವ ಮಾದರಿಗಳಲ್ಲಿ ಸೆನ್ಸರ್ ಮೇಲೆ ಲೋಳೆ ಕಟ್ಟಿದರೂ ನೀರಿದ್ದಾಗಲೇ ನಿಂತುಬಿಡುತ್ತದೆ, ಆ ಜಾಗ ಒರೆಸಿದರೆ ಸರಿ. ಚಕ್ರ ಚೊಕ್ಕಟವಾಗಿದೆ, ಕರೆಂಟೂ ಬರುತ್ತಿದೆ, ಆದರೂ ಚಕ್ರ ಅಲುಗುವುದಿಲ್ಲ ಅಂದರೆ ಮೋಟಾರ್ ಮುಗಿಯಿತು. ಒಳಗಿನ ತಂತಿ ಸುರುಳಿಯನ್ನು ನೀರು ಹೋಗದಂತೆ ಅಂಟು ಸುರಿದು ಮುಚ್ಚಿರುತ್ತಾರೆ, ರಿಪೇರಿ ಸಾಧ್ಯವಿಲ್ಲ. ಬಹಳ ಮಾದರಿಗಳಿಗೆ ಪಂಪ್ ಮಾತ್ರ ಬೇರೆಯಾಗಿ ಸಿಗುತ್ತದೆ, ಇಡೀ ಫೌಂಟನ್ ಎಸೆಯಬೇಕಿಲ್ಲ. ವೈರನ್ನು ಪ್ರಾಣಿ ಕಚ್ಚಿ ಒಳಗಿನ ತಂತಿ ಕಂಡಿದ್ದರೆ ಟೇಪ್ ಸುತ್ತಿ ಬಳಸುವುದು ಬೇಡ. ನೀರೊಳಗೆ ಇರುವ ವಸ್ತು ಅದು, ಬದಲಿಸಿಯೇ ಬಿಡಿ.

ನೆಲ ಒದ್ದೆಯಾಗುತ್ತಿದ್ದರೆ ಹೊರಗೆಲ್ಲ ಒರೆಸಿ, ಪ್ಲಗ್ ತೆಗೆದು, ನೀರು ತುಂಬಿದ ತೊಟ್ಟಿಯನ್ನು ಒಣ ಕಾಗದದ ಮೇಲೆ ರಾತ್ರಿಯಿಡೀ ಇಡಿ. ಅಷ್ಟು ಹೊತ್ತು ಕುಡಿಯಲು ಬೇರೆ ಬಟ್ಟಲು ಇಟ್ಟಿರಿ. ಬೆಳಿಗ್ಗೆ ಕಾಗದ ಒದ್ದೆಯಾಗಿದ್ದರೆ ತೊಟ್ಟಿ ಬಿರುಕು ಬಿಟ್ಟಿದೆ. ಒಣಗಿಯೇ ಇದ್ದರೆ ಸೋರಿಕೆ ಓಡುವಾಗಿನದು: ಫಿಲ್ಟರ್ ಕಟ್ಟಿ ನೀರು ಅಂಚಿನಿಂದ ಉಕ್ಕುತ್ತಿರಬೇಕು, ಮುಚ್ಚಳ ಸರಿಯಾಗಿ ಕೂತಿರಲಿಕ್ಕಿಲ್ಲ, ಇಲ್ಲವೇ ನೆಲ ಸಮ ಇಲ್ಲ. ಇನ್ನೊಂದು ಕಳ್ಳದಾರಿ ವೈರ್. ಹನಿ ಹನಿಯಾಗಿ ವೈರ್ ಹಿಡಿದುಕೊಂಡು ನೀರು ಅಡಾಪ್ಟರ್ ತನಕ ಹೋಗುತ್ತದೆ. ಅದಕ್ಕೇ ವೈರನ್ನು ಪ್ಲಗ್ಗಿಗಿಂತ ಕೆಳಗೆ ಇಳಿಬಿಟ್ಟು ಮತ್ತೆ ಮೇಲಕ್ಕೆ ತನ್ನಿ. ಹನಿ ಆ ತಗ್ಗಿನಲ್ಲೇ ಬೀಳುತ್ತದೆ.

ಯಂತ್ರ ಸರಿಯಾಗಿದ್ದೂ ಬೆಕ್ಕು ಕುಡಿಯದಿದ್ದರೆ ನೀರಿನ ಜೋರು ಕಡಿಮೆ ಮಾಡಿ ನೋಡಿ. ಬೆಕ್ಕು ನಾಲಿಗೆಯ ತುದಿಯನ್ನು ನೀರಿಗೆ ಬರೀ ತಾಗಿಸಿ ಮೇಲಕ್ಕೆ ಎಳೆಯುತ್ತದೆ, ಆಗ ಏಳುವ ನೀರಿನ ಎಳೆಯನ್ನು ಬಾಯಿ ಮುಚ್ಚಿ ಹಿಡಿಯುತ್ತದೆ. ಸೆಕೆಂಡಿಗೆ ಸುಮಾರು ನಾಲ್ಕು ಸಲ ಹೀಗೆ ಮಾಡುತ್ತದೆ ಅಂತ 2010ರಲ್ಲಿ ವಿಜ್ಞಾನಿಗಳು ಕ್ಯಾಮೆರಾದಲ್ಲಿ ಹಿಡಿದು ತೋರಿಸಿದರು. ಇಷ್ಟು ನಾಜೂಕಾಗಿ ಕುಡಿಯುವ ಪ್ರಾಣಿಯ ಮುಖಕ್ಕೆ ನೀರು ಚಿಮ್ಮಿದರೆ ಹೇಗೆ? ಕೆಲವಕ್ಕೆ ಜೋರಾದ ಧಾರೆಯೇ ಇಷ್ಟ, ಅದೂ ಇದೆ. ಮಲದ ಟ್ರೇಯಿಂದ ದೂರ ಇಡಿ. ಫೌಂಟನ್ ಎಷ್ಟೇ ಚೆನ್ನಾಗಿರಲಿ, ಪಕ್ಕದಲ್ಲಿ ಒಂದು ಮಾಮೂಲಿ ಬಟ್ಟಲಿನಲ್ಲಿ ನೀರು ಸದಾ ಇರಲಿ. ಕರೆಂಟ್ ಹೋದಾಗ, ಪಂಪ್ ನಿಂತಾಗ ಪ್ರಾಣಿ ಬಾಯಾರಿ ಕೂರಬಾರದು. ನೀರು ದಿನಕ್ಕೆ ಎಷ್ಟು ಇಳಿಯುತ್ತದೆ ಅಂತ ಒಂದು ಕಣ್ಣಿಡಿ. ಸೋರಿಕೆಯೂ ಇಲ್ಲ, ಸೆಕೆಯೂ ಇಲ್ಲ, ಆದರೂ ತೊಟ್ಟಿ ಬೇಗ ಖಾಲಿಯಾಗುತ್ತಿದ್ದರೆ ಪ್ರಾಣಿ ಜಾಸ್ತಿ ಕುಡಿಯುತ್ತಿದೆ. ಕಿಡ್ನಿ ತೊಂದರೆ, ಸಕ್ಕರೆ ಕಾಯಿಲೆ ಇವು ಹೀಗೂ ಮುಖ ತೋರಿಸುತ್ತವೆ. ಕುಡಿಯುವುದು ಇದ್ದಕ್ಕಿದ್ದಂತೆ ಕಡಿಮೆಯಾದರೂ ಅಷ್ಟೇ. ಕಾಯದೆ ಪಶುವೈದ್ಯರಿಗೆ ತೋರಿಸಿ.

ಕೆಲವು ದಿನ ಫೌಂಟನ್ ಬಳಸುವುದಿಲ್ಲ ಅಂತಾದರೆ ನೀರು ಚೆಲ್ಲಿ ಹಾಗೇ ಎತ್ತಿಡಬೇಡಿ. ಫಿಲ್ಟರ್ ಎಸೆಯಿರಿ. ಪಂಪಿನ ಚಕ್ರ ಹೊರಗೆ ತೆಗೆದು, ಎಲ್ಲವನ್ನೂ ಬಿಡಿಬಿಡಿಯಾಗಿಯೇ ಒಣಗಿಸಿ, ಸಣ್ಣ ಚೂರುಗಳನ್ನು ಒಂದು ಡಬ್ಬಿಗೆ ಹಾಕಿ ತೊಟ್ಟಿಯೊಳಗೇ ಇಡಿ. ಒದ್ದೆ ಚಕ್ರ ಒಳಗೇ ಒಣಗಿದರೆ ಸುಣ್ಣ ಮತ್ತು ಲೋಳೆ ಸೇರಿ ಅದನ್ನು ಕಚ್ಚಿ ಹಿಡಿಯುತ್ತವೆ. ಹಾಗೆ ಆಗಿಬಿಟ್ಟಿದ್ದರೆ ಬಲ ಹಾಕಿ ಎಳೆಯದೆ, ಮೊದಲು ವಿನೆಗರ್ ನೀರಿನಲ್ಲಿ ನೆನೆಸಿ.