ಹಾಲ್ಬ್ ಡ್ರೈ ಎಂದರೆ ಎರಡೂವರೆ

ಜರ್ಮನಿಯ ಸ್ಟುಟ್‌ಗಾರ್ಟಿಗೆ ಹೊಸದಾಗಿ ಬಂದಿರಾ? ಮನೆ ಹೊಕ್ಕ ಎರಡು ವಾರದೊಳಗೆ ವಿಳಾಸ ನೋಂದಾಯಿಸಿ. ವಿಮೆ, ಬ್ಯಾಂಕ್ ಖಾತೆಗಳ ವಿಷಯ ಯಾರಾದರೂ ಹೇಳಿಕೊಡುತ್ತಾರೆ. ನನ್ನ ತಕರಾರು ಭಾಷೆಯದು.

ಬೆಂಗಳೂರಿನಲ್ಲಿ ಜರ್ಮನ್ ಭಾಷೆಯ ಎರಡನೇ ಮೆಟ್ಟಿಲಾದ ಎ2 ಪರೀಕ್ಷೆ ಪಾಸಾಗಿ, ಉಳಿದ ಜರ್ಮನ್ ಇಲ್ಲಿನ ಗಾಳಿಯಲ್ಲೇ ಬರುತ್ತದೆಂದು ನಂಬಿ ವಿಮಾನ ಹತ್ತಿದವನು ನಾನು. ಗಾಳಿಯಿಂದ ಬಂದದ್ದು ನೆಗಡಿ. ಕಚೇರಿಯಲ್ಲಿ ಇಂಗ್ಲಿಷ್, ಮನೆಯಲ್ಲಿ ಕನ್ನಡ, ಶನಿವಾರ ಕನ್ನಡಿಗರದೇ ಮನೆಯಲ್ಲಿ ಬಿಸಿಬೇಳೆಬಾತು. ಮೂರು ವರ್ಷ ಹೀಗೇ ಕಳೆದವು. ಒಮ್ಮೆ ವೈದ್ಯರಲ್ಲಿಗೆ ‘ಹಾಲ್ಬ್ ಡ್ರೈ’ಗೆ ಬರಲು ಹೇಳಿದರು. ಅರ್ಧ, ಮೂರು, ಕೂಡಿಸಿ ಮೂರೂವರೆಗೆ ಹೋದೆ. ಅದು ಮೂರಕ್ಕೆ ಅರ್ಧ ಗಂಟೆ ಕಡಿಮೆ! ಜ್ವರದ ಮಗಳನ್ನು ಎತ್ತಿಕೊಂಡು ಬಾಗಿಲಲ್ಲಿ ಇಂಗ್ಲಿಷಿನಲ್ಲಿ ಗೋಗರೆದದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಆಮೇಲೆ ಫೋಲ್ಕ್ಸ್‌ಹೋಖ್‌ಶೂಲೆಯ, ಅಂದರೆ ವಯಸ್ಕರ ಶಿಕ್ಷಣ ಕೇಂದ್ರದ, ಸಂಜೆ ತರಗತಿಗೆ ಸೇರಿದೆ. ನೀವೂ ಸೇರಿ, ಆದರೆ ಅಷ್ಟಕ್ಕೇ ನೆಚ್ಚಿಕೊಳ್ಳಬೇಡಿ. ಪುಸ್ತಕದ ‘ಬ್ರೋಟ್ಷೆನ್’ ಎಂಬ ಪುಟ್ಟ ಬನ್ನು ಇಲ್ಲಿನ ಬೇಕರಿಯಲ್ಲಿ ‘ವೆಕ್ಲೆ’. ನೀವು ತಡವರಿಸಿದರೆ ಅಂಗಡಿಯವರು ಕನಿಕರದಿಂದ ಇಂಗ್ಲಿಷಿಗೆ ಹೊರಳುತ್ತಾರೆ. ಆ ಕನಿಕರವೇ ನಮಗೆ ಶತ್ರು. ಸಾಲಿನಲ್ಲಿ ಹಿಂದೆ ನಿಂತವರು ಗೊಣಗಿದರೂ ಜರ್ಮನ್‌ನಲ್ಲೇ ಮುಗಿಸಿ.

ಕನ್ನಡಿಗರಿಗೆ ಒಂದೆರಡು ಅನುಕೂಲಗಳೂ ಇವೆ. ‘ವೈಲ್’ (ಏಕೆಂದರೆ) ಬಂದರೆ ಕ್ರಿಯಾಪದ ನಮ್ಮಲ್ಲಿಯಂತೆಯೇ ಕೊನೆಗೆ ಹೋಗುತ್ತದೆ. ನೀನು, ನೀವು ಜರ್ಮನ್‌ನಲ್ಲೂ ಬೇರೆ ಬೇರೆ. ಇಷ್ಟಿದ್ದೂ, ಊರಿನಲ್ಲಿ ಹಿರಿಯರನ್ನು ಏಕವಚನದಲ್ಲಿ ಕರೆಯದ ನಾನು ಎಲ್ಲರನ್ನೂ ‘ನೀನು’ ಎನ್ನುವ ಕಚೇರಿಯ ಚಾಳಿಯಲ್ಲಿ ಕೆಳಮನೆಯ ಅಜ್ಜಿಗೆ ‘ಡು’ (ನೀನು) ಎಂದುಬಿಟ್ಟೆ. ಆಕೆ ವಾರವಿಡೀ ಮುಖ ತಿರುಗಿಸಿಕೊಂಡೇ ಓಡಾಡಿದರು.

ಮಗಳಿಗೆ ಈ ಪಾಡಿಲ್ಲ. ಕಿಂಡರ್‌ಗಾರ್ಟನ್ ಸೇರಿದ ಆರು ತಿಂಗಳಿಗೆ ನಾಮಪದದ ಲಿಂಗ ತಿಳಿಸುವ ನನ್ನ ಡೆರ್, ಡೀ, ಡಾಸ್‌ಗಳನ್ನು ತಿದ್ದತೊಡಗಿದಳು. ನಾನು ಬೀಗಿದೆ, ಅಭ್ಯಾಸವಾಗಲೆಂದು ಮನೆಯಲ್ಲೂ ಅವಳೊಂದಿಗೆ ಜರ್ಮನ್ ಶುರುಮಾಡಿದೆ. ನನ್ನ ತಪ್ಪುಗಳಲ್ಲಿ ಇದೇ ದೊಡ್ಡದು, ನೀವು ಮಾಡಬೇಡಿ. 1853ರಲ್ಲಿ ಕನ್ನಡ ನಾಡಿಗೆ ಬಂದ ಕಿಟೆಲ್ 1894ರಲ್ಲಿ ನಮ್ಮ ಭಾಷೆಗೊಂದು ನಿಘಂಟು ಕೊಟ್ಟು, ಇಲ್ಲೇ ಹತ್ತಿರದ ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡರು. ಅಜ್ಜಿಯೊಂದಿಗೆ ಮಾತಾಡಲು ನನ್ನ ಮಗಳಿಗೆ ಆ ನಿಘಂಟೇ ಬೇಕಾಗಬಹುದು. ಭಾನುವಾರ ಶಿವಮೊಗ್ಗದಿಂದ ಅಮ್ಮ ಕರೆ ಮಾಡಿ, “ಊಟ ಆಯಿತೇನೇ ಪುಟ್ಟೀ?” ಎಂದು ಕೇಳುತ್ತಾರೆ. ಇವಳು ಜರ್ಮನ್‌ನಲ್ಲಿ ಹೌದೆಂದು “ಯಾ” ಎನ್ನುತ್ತಾಳೆ.

“ಯಾರು? ಯಾರು ಬಂದರು?” ಎನ್ನುತ್ತಾರೆ ಅಮ್ಮ.